ಗೋಣಿ ಸುತ್ತಿದ ಕೊಂಡಮಾವು

ಈ ಜನವರಿಯಲ್ಲಿ ಪಿಯುಸಿ ಮಕ್ಕಳನ್ನು ಬಿ.ಜಿ. ಕೆರೆ ಕಡೆಯ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ನನ್ನ ಲೆಕ್ಕದಲ್ಲಿ ಅದು ಗಿಡಮರ ಗುರುತಿಸುವ ಪ್ರವಾಸ, ಮಕ್ಕಳ ಲೆಕ್ಕದಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುವ ಪ್ರವಾಸ. ಬಂಡೆಗಳ ಸಂದಿಯಲ್ಲಿ ಒಂದೆಲೆಯೂ ಇಲ್ಲದೆ ನಿಂತಿದ್ದ ಮರದ ರೆಂಬೆಯೊಂದನ್ನು ಒಬ್ಬ ಹುಡುಗಿ ಲಟಕ್ಕನೆ ಮುರಿದು ಮೂಸಿ, "ಮಿಸ್, ಈ ಒಣಮರ ಮಾವಿನಕಾಯಿ ವಾಸ್ನೆ ಬರ್ತೈತೆ!" ಅಂದಳು. ಅಷ್ಟರಲ್ಲಿ ಆ ವಾಸನೆ ನನ್ನ ಮೂಗಿಗೂ ಬಂದಿತ್ತು. "ಅದು ಒಣಮರ ಅಲ್ಲ! ಕೈ ತೆಗಿ!" ಎಂದು ನಾನು ಕೂಗಿದ ರಭಸಕ್ಕೆ ಹುಡುಗಿ ರೆಂಬೆ ಬಿಸಾಕಿ ಅಳುಮೋರೆ ಮಾಡಿದಳು. ಪಾಪ, ಅವಳದೇನು ತಪ್ಪು? ನಾನು ಬೈದದ್ದು ಅವಳನ್ನಲ್ಲ.

ಬೈಯಬೇಕಾಗಿದ್ದವನು ಮೊಳಕಾಲ್ಮೂರಿನಲ್ಲಿದ್ದ. ಸೀನ, ನನ್ನ ಸೋದರಮಾವನ ಮಗ. ನನಗಿಂತ ಆರು ತಿಂಗಳಿಗೆ ಚಿಕ್ಕವನು. ಅವನ ತಾಯಿ ಬಾಣಂತನದಲ್ಲೇ ಕಾಯಿಲೆ ಬಿದ್ದಾಗ ನಮ್ಮಮ್ಮ ಒಂದು ತೊಡೆಯ ಮೇಲೆ ನನ್ನನ್ನೂ ಇನ್ನೊಂದು ತೊಡೆಯ ಮೇಲೆ ಅವನನ್ನೂ ಹಾಕಿಕೊಂಡು ಹಾಲು ಕೊಟ್ಟವಳು. ನನ್ನ ಪಾಲಿನ ಹಾಲಿನಲ್ಲಿ ಅರ್ಧ ಕುಡಿದು ಬೆಳೆದ ಗಂಡಸು ಅವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಹೇಳುವಷ್ಟು ಸಮಾಧಾನ ನನಗಿರುವುದಿಲ್ಲ.

ನಮ್ಮದು ರೇಷ್ಮೆ ಸೀರೆ ನೇಯುವವರ ಬೀದಿ. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ, ಜಗಳಕ್ಕೆ ಎರಡೂ. ಅಪ್ಪ ಮನೆಯಳಿಯನಾಗಿ ಬಂದವರು, ಹಾಗಾಗಿ ಅಮ್ಮನ ತವರೇ ನಮ್ಮ ಮನೆ. ತಾತ ಸಾಯುವ ಮುಂಚೆ ಮನೆಯನ್ನು ಎರಡು ಮಾಡಿ ಒಂದನ್ನು ಮಗನಿಗೂ ಒಂದನ್ನು ಮಗಳಿಗೂ ಕೊಟ್ಟರು. ನಡುವಿನ ಅಂಗಳವನ್ನು ಮಾತ್ರ ಹಂಚಲಿಲ್ಲ. ಅಲ್ಲಿ ಅವರೇ ನೆಟ್ಟ ಒಂದು ಕೊಂಡಮಾವು ಇತ್ತು. ಮಾವು ಅಂದರೆ ಮಾವಲ್ಲ, ಗುಡ್ಡದ ಮರ. ಎಲೆ ಹಿಸುಕಿದರೆ ಮಾವಿನ ವಾಸನೆ ಬರುತ್ತದೆಂದು ಆ ಹೆಸರು. "ಮರ ಹಸಿಯಾಗಿರೋ ತನಕ ಅಂಗಳ ಇಬ್ಬರದೂ, ಯಾರೂ ಗೋಡೆ ಹಾಕಬಾರದು. ಮರ ಹೋದ ದಿನ ಜಾಗ ಮಗನ ಕಡೆಗೆ" ಎಂದು ತಾತ ಬೀದಿಯ ಹಿರಿಯರ ಮುಂದೆ ಹೇಳಿದ್ದರಂತೆ. ಕಾಗದವಿಲ್ಲ, ಪತ್ರವಿಲ್ಲ. ನಮ್ಮ ಬೀದಿಯಲ್ಲಿ ಹಿರಿಯರ ಮುಂದೆ ಆಡಿದ ಮಾತೇ ಪತ್ರ.

ಆ ಅಂಗಳ ಅಮ್ಮನ ಕೆಲಸದ ಜಾಗ. ಸೀರೆಯ ಹಾಸು, ಅಂದರೆ ಮಗ್ಗದ ಉದ್ದನೆಯ ಎಳೆಗಳು, ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಕೆಚ್ಚುವುದು ಅನ್ನುತ್ತೇವೆ. ಸಾವಿರಾರು ಎಳೆ, ಕೂದಲಿಗಿಂತ ಸಣ್ಣವು. ಬೆರಳಿಗೆ ಬೂದಿ ಹಚ್ಚಿಕೊಂಡು ಅಮ್ಮ ಕೂತಳೆಂದರೆ ಊಟದ ಹೊತ್ತಿಗೇ ಏಳುತ್ತಿದ್ದುದು. ಅರವತ್ತು ದಾಟಿದ ಮೇಲೆ ಮನೆಯೊಳಗಿನ ಬೆಳಕಿನಲ್ಲಿ ಅವಳಿಗೆ ಕಪ್ಪು, ನೀಲಿ ಎಳೆಗಳು ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಮರದ ಕೆಳಗೆ ಕಾಣುತ್ತಿತ್ತು. ಚಳಿಗಾಲದಲ್ಲಿ ಮರ ಎಲೆ ಉದುರಿಸಿ ಅವಳಿಗೆ ಬಿಸಿಲು ಬಿಟ್ಟುಕೊಡುತ್ತಿತ್ತು, ಬಿಸಿಲು ಸುಡುವ ಹೊತ್ತಿಗೆ ಚಿಗುರಿ ನೆರಳು ಹಿಡಿಯುತ್ತಿತ್ತು. "ಇದು ನನ್ನ ಅಳತೆಗೆ ಹೊಲಿಸಿದ ಮರ ಕಣೇ" ಅನ್ನುತ್ತಿದ್ದಳು.

ಐದು ವರ್ಷದ ಹಿಂದೆ ನನ್ನನ್ನು ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಾಲೇಜಿಗೆ ಒಂದು ವರ್ಷದ ಮಟ್ಟಿಗೆ ಹಾಕಿದರು. ಚಳ್ಳಕೆರೆಯಲ್ಲಿ ಗಂಡ, ಮಗಳು. ವಾರಪೂರ್ತಿ ಅಮ್ಮನ ಮನೆ, ಶನಿವಾರ ಮಧ್ಯಾಹ್ನ ಬಸ್ಸು. ಮದುವೆಯಾದ ಮೇಲೆ ಅಷ್ಟು ದಿನ ಅಮ್ಮನ ಕೈ ಊಟ ಉಂಡದ್ದು ಅದೇ ಮೊದಲು. ದಪ್ಪಗಾದೆ. ಸೀನ ದಿನವೂ ಸಂಜೆ ಬಂದು ಕಟ್ಟೆಯ ಮೇಲೆ ಕೂತು, "ಏನಮ್ಮಾ ಲೆಕ್ಚರರಮ್ಮ, ಸಂಬಳ ಸರ್ಕಾರದ್ದು, ಸಾರು ನಮ್ಮತ್ತದ್ದು!" ಎಂದು ಕಿಚಾಯಿಸುತ್ತಿದ್ದ. ಅತ್ತ ಅಂದರೆ ತೆಲುಗಿನಲ್ಲಿ ಅತ್ತೆ. ಅಮ್ಮನ ಹಾಸುಗಳನ್ನು ಹೊತ್ತು ತರುವವನು ಅವನು, ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವವನು ಅವನು. ಮಗಳು ದೂರವಿದ್ದರೂ ಮಗನಂಥವನು ಹತ್ತಿರವಿದ್ದಾನಲ್ಲ ಎಂದು ನಾನು ಚಳ್ಳಕೆರೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದವಳು.

ದೀಪಾವಳಿ ಕಳೆಯಿತು. ಮೂಡಗಾಳಿ ಬೀಸತೊಡಗಿತು, ತುಟಿ ಒಡೆಯಿತು, ಮರ ಬೋಳಾಯಿತು. ಮಾರ್ಗಶಿರದ ಒಂದು ಬೆಳಿಗ್ಗೆ ಸೀನ ಬೀದಿಯ ಹಿರಿಯರಾದ ನಾಗಪ್ಪ ದೊಡ್ಡಪ್ಪನನ್ನು ಕರೆದುಕೊಂಡು ಬಂದ. ಅಪ್ಪನೂ ಮಾವನೂ ತೀರಿಕೊಂಡ ಮೇಲೆ ಆ ಪಾಲಿಗೆ ಅವನೇ ಯಜಮಾನ, ಈ ಪಾಲಿಗೆ ಅಮ್ಮ. ನಾಲ್ಕು ಗುಂಡಿಮಗ್ಗ ಹಾಕುವ ಶೆಡ್ಡು ಕಟ್ಟಬೇಕೆಂದು ಅವನ ಆಸೆ. ಅದು ಗೊತ್ತಿದ್ದದ್ದೇ. ಮರ ಒಣಗಿದೆ ಅಂದದ್ದು ಮಾತ್ರ ಹೊಸದು.

"ನೋಡ್ರಿ ದೊಡ್ಡಪ್ಪ, ತೊಗಟೆ ಎಲ್ಲಾ ಹಪ್ಪಳದಂಗೆ ಎದ್ದು ಬರ್ತಾ ಐತೆ. ಹೋದ ವರ್ಷಾನೂ ಚಿಗುರಿದ್ದು ಅಷ್ಟಕ್ಕಷ್ಟೇ. ಇದು ಸತ್ತಂಗೇ."

ಅಮ್ಮ ಕೆಚ್ಚುತ್ತಿದ್ದ ಎಳೆ ಬಿಡದೆ, "ನಿನ್ನ ತಲೆ! ವರ್ಷಾ ಹಿಂಗೇ ಬೋಳಾಗೋ ಮರ ಅದು. ನೀನು ಕೂದಲು ಉದುರಿ ಇನ್ನೂ ಬದುಕಿಲ್ವೇನೋ?" ಅಂದಳು. ಸೀನ ತನ್ನ ಬೋಳುತಲೆ ಸವರಿಕೊಂಡು ನಕ್ಕ. ನಾವೆಲ್ಲರೂ ನಕ್ಕೆವು.

ನಾನು ಸುಮ್ಮನಿರಬೇಕಿತ್ತು. ಇದ್ದೆನೇ? ಪಾಠ ಮಾಡುವವರಿಗೆ ಬಾಯಿ ಸುಮ್ಮನಿರುವುದಿಲ್ಲ. "ಬನ್ನಿ ದೊಡ್ಡಪ್ಪ, ತೋರಿಸ್ತೀನಿ" ಎಂದು ಎದ್ದೆ. ಕಾಂಡದ ಮೇಲೆ ಎದ್ದಿದ್ದ ತೆಳ್ಳನೆಯ ಕಾಗದದಂಥ ಸಿಪ್ಪೆಯನ್ನು ಉಗುರಿನಿಂದ ಎತ್ತಿದೆ. ಒಳಗೆ ಎಳೆ ಬಾಳೆಲೆಯ ಹಸಿರು.

ದೊಡ್ಡಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಲೆಲೆಲೆ! ಇದೇನೇ ಪದ್ದಿ, ಒಳಗೊಂದು ಮರ ಇದ್ದಂಗೈತೆ!"

ನನಗೆ ಅಷ್ಟೇ ಸಾಕಾಯಿತು. ಎಲೆಯಲ್ಲಿರುವ ಪತ್ರಹರಿತ್ತೇ ಈ ತೊಗಟೆಯಲ್ಲೂ ಇದೆ, ಎಲೆ ಉದುರಿದ ಮೇಲೆ ಮರದ ಅಡುಗೆಮನೆ ಇಲ್ಲಿಗೆ ಬರುತ್ತದೆ ಎಂದು ವಿವರಿಸಿದೆ. ಮೇಲಿನ ಸಿಪ್ಪೆ ತೆಳ್ಳಗಿರುವುದರಿಂದ ಬಿಸಿಲು ಒಳಗಿಳಿಯುತ್ತದೆ. ಮರದ ಒಳಗಿನ ಜೀವಕಣಗಳು ಬಿಡುವ ಉಸಿರಿದೆಯಲ್ಲ, ಅದು ಹೊರಗೆ ಹೋಗುವ ಮುಂಚೆಯೇ ತೊಗಟೆ ಅದನ್ನು ಹಿಡಿದು ಮತ್ತೆ ಆಹಾರ ಮಾಡಿಕೊಳ್ಳುತ್ತದೆ. ಎಲೆ ಮಾಡುವಷ್ಟಲ್ಲ. ಚಿಗುರುವ ತನಕ ಉಸಿರು ಹಿಡಿದಿರಲು ಆಸರೆಯಾಗುವಷ್ಟು. ದ್ಯುತಿಸಂಶ್ಲೇಷಣೆ ಎಂಬ ಪದ ಹೇಳಿದಾಗ ದೊಡ್ಡಪ್ಪ, "ಆ ಹೆಸರು ನನ್ನ ಬಾಯಿಗೆ ಬರಲ್ಲ ಬಿಡು, ವಿಷಯ ತಿಳೀತು" ಅಂದರು. ಕಡೆಗೆ ಅವರೇ ತೀರ್ಮಾನ ಹೇಳಿದರು. "ಸೀನ, ಭರಣಿ ಮಳೆ ಬೀಳೋ ತನಕ ತಡ್ಕೋ. ಚಿಗುರಿದ್ರೆ ಈ ಮಾತು ಮತ್ತೆ ಎತ್ತಬಾರದು. ಚಿಗುರದಿದ್ರೆ ನರಸಮ್ಮ, ನೀನು ಹಠ ಮಾಡಬಾರದು." ಅಮ್ಮನೂ ಒಪ್ಪಿದಳು. ಸೀನ ಮರ ಮುಟ್ಟಿ, "ನಾನು ಇದಕ್ಕೆ ಕೊಡಲಿ ಹಾಕಲ್ಲ, ಆಣೆ" ಅಂದ.

ಅಲ್ಲಿಂದ ಮರ ಕಂಡರೆ ಸೀನನಿಗೆ ಅದೇನು ಅಕ್ಕರೆ ಹುಟ್ಟಿತೋ! ದಿನವೂ ಒಂದೊಂದು ಪ್ರಶ್ನೆ. "ಚಳೀಲೂ ಅಡುಗೆ ಮಾಡ್ತೈತಾ? ಮೋಡ ಇದ್ರೆ ಉಪವಾಸಾನಾ?" ನನಗೋ ಖುಷಿ. ಕಾಲೇಜಿನಲ್ಲಿ ಕಿಟಕಿಯಾಚೆ ನೋಡಿಕೊಂಡು ಕೂರುವ ಮಕ್ಕಳ ಮುಂದೆ ಗಂಟಲು ಹರಿದುಕೊಂಡು ಬಂದವಳಿಗೆ ಇಂಥ ವಿದ್ಯಾರ್ಥಿ ಸಿಕ್ಕರೆ ಕೇಳಬೇಕೆ? ಒಂದು ರೆಂಬೆಯ ಮೇಲೆ ಗೇಣುದ್ದ ಕಪ್ಪು ಬಟ್ಟೆ ಸುತ್ತಿ, ಬೆಳಕು ಒಳಗೆ ಹೋಗದ ಹಾಗೆ ದಾರ ಬಿಗಿದೆ. ದಾರ ಹಿಡಿದುಕೊಂಡವನು ಸೀನ. ಅಮ್ಮ ಕೂತಲ್ಲಿಂದಲೇ, "ಮರಕ್ಕೇನು ಮೊಣಕಾಲು ನೋವಾ, ಪಟ್ಟಿ ಕಟ್ಟೀರಿ?" ಅಂದಳು. ಇಪ್ಪತ್ತು ದಿನ ಬಿಟ್ಟು ಬಿಚ್ಚಿದರೆ ಮುಚ್ಚಿದ್ದಲ್ಲಿ ಹಸಿರು ಮಾಸಿ ಹಳದಿ ತಿರುಗಿತ್ತು. ಎರಡೂ ಕಡೆಯ ತೊಗಟೆಯ ಚೂರು ಕೆತ್ತಿ, ಸ್ಪಿರಿಟ್ಟಿನಲ್ಲಿ ಕಾಯಿಸಿ, ಅಯೋಡಿನ್ ಹನಿ ಹಾಕಿದೆ. ಬಿಸಿಲು ಕಂಡ ತೊಗಟೆ ಕಡುನೀಲಿಯಾಯಿತು, ಅಂದರೆ ಅಲ್ಲಿ ಪಿಷ್ಟವಿದೆ, ಊಟವಿದೆ. ಕತ್ತಲಲ್ಲಿದ್ದ ತೊಗಟೆಗೆ ಸರಿಯಾಗಿ ಬಣ್ಣವೇ ಹತ್ತಲಿಲ್ಲ.

ಅಮ್ಮ ಎದ್ದು ಬಂದು ನೋಡಿದಳು. ನನ್ನ ತಲೆಯ ಮೇಲೆ ಬೂದಿ ಬೆರಳು ಇಟ್ಟು, "ನಮ್ಮ ಪದ್ದಿ ಓದಿದ್ದು ಇವತ್ತು ಕಣ್ಣಿಗೆ ಕಾಣ್ತು" ಅಂದಳು. ನನ್ನ ಓದಿನ ಬಗ್ಗೆ ಅವಳು ಆಡಿದ ದೊಡ್ಡ ಮಾತೇ ಅದು.

ಆ ಸಂಜೆಯೇ ಸೀನ ಕೇಳಿದ್ದು. ಟೀ ಲೋಟ ಕೈಯಲ್ಲಿತ್ತು. "ಎಲೆ ಹೋದ್ರೆ ಸಾಯಲ್ಲ, ನೀರಿಲ್ದಿದ್ರೂ ಸಾಯಲ್ಲ. ಮತ್ತೆ ಇದು ಸಾಯೋದಾದ್ರೂ ಹೆಂಗೆ ಪದ್ದಿ?"

ನಾನು ನಗುತ್ತ ಹೇಳಿದೆ. ದೇವರಾಣೆಗೂ ನಗುತ್ತ ಹೇಳಿದೆ. "ಸುತ್ತಲೂ ತೊಗಟೆ ಬಳೆ ತರ ಕಿತ್ತುಬಿಟ್ರೆ ಸಾಯ್ತದೆ. ಮೇಲಿನ ಊಟ ಬೇರಿಗೆ ಇಳಿಯಲ್ಲ. ಅದೂ ಈ ಎಲೆಯಿಲ್ಲದ ಕಾಲದಲ್ಲಿ ಉದ್ದಕ್ಕೆ ಕಿತ್ತರೆ ಇರೋ ಅಡುಗೆಮನೇನೂ ಹೋಯ್ತು." ಸೀನ, "ಪಾಪ" ಅಂದ. ಟೀ ಕುಡಿದು ಲೋಟ ತೊಳೆದಿಟ್ಟು ಹೋದ.

ಮಾರ್ಚಿನಲ್ಲಿ ಪರೀಕ್ಷೆ. ಆ ಕೆಲಸಕ್ಕೆ ನನ್ನನ್ನು ಚಳ್ಳಕೆರೆಗೇ ಹಾಕಿದರು, ಅದರ ಹಿಂದೆಯೇ ಮೌಲ್ಯಮಾಪನ. ಏಳು ವಾರ ಮೊಳಕಾಲ್ಮೂರಿನ ಕಡೆ ತಲೆ ಹಾಕಲಾಗಲಿಲ್ಲ. ಯುಗಾದಿಗೂ ಹೋಗಲಿಲ್ಲ, ಮಗಳಿಗೆ ಜ್ವರ. ಫೋನು ಮಾಡಿದಾಗಲೆಲ್ಲ ಅಮ್ಮ, "ನೀನು ಹೇಳ್ದಂಗೇ ನಡೀತೈತೆ, ಯೋಚನೆ ಮಾಡ್ಬೇಡ" ಅನ್ನುತ್ತಿದ್ದಳು. ನಾನು ಹೇಳಿದ ಕಣ್ಣಿನ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಏನು ನಡೀತಿದೆ ಅಮ್ಮಾ ಎಂದು ಒಂದೇ ಒಂದು ಸಲ ಕೇಳಲಿಲ್ಲ. ಉತ್ತರಪತ್ರಿಕೆಯ ಕಟ್ಟುಗಳ ನಡುವೆ ನನಗೆ ಪುರುಸೊತ್ತೇ ಇರಲಿಲ್ಲ.

ಏಪ್ರಿಲ್ ಕೊನೆಗೆ ಭರಣಿ ಮಳೆ ಗುಡುಗಿ ಸುರಿಯಿತು. ನಾನು ನಾಲ್ಕಾರು ದಿನ ಬಿಟ್ಟು ಹೊರಟೆ. ಬಸ್ಸಿನ ಕಿಟಕಿಯಿಂದ ನೋಡುತ್ತ ಹೋದರೆ ಗುಡ್ಡದ ಮೇಲಿನ ಕೊಂಡಮಾವುಗಳೆಲ್ಲ ತಾಮ್ರದ ಬಣ್ಣದ ಚಿಗುರು ಬಿಟ್ಟಿದ್ದವು. ನಮ್ಮ ಅಂಗಳದ್ದೂ ಬಿಟ್ಟಿರುತ್ತದೆ, ಸೀನನ ಬೋಳುತಲೆಯನ್ನು ಚೆನ್ನಾಗಿ ಆಡಿಕೊಳ್ಳಬೇಕು ಎಂದು ನಗುತ್ತಲೇ ಇಳಿದೆ.

ಅಂಗಳದಲ್ಲಿ ನಾಗಪ್ಪ ದೊಡ್ಡಪ್ಪ ನಿಂತಿದ್ದರು, ಸೀನ ನಿಂತಿದ್ದ, ಅಮ್ಮ ಕೈಕಟ್ಟಿ ಗೋಡೆಗೆ ಒರಗಿದ್ದಳು. ಮರದ ತುದಿಯಲ್ಲಿ ನಾಲ್ಕೈದು ಚಿಗುರು ಮೂಡಿ, ಮೂಡಿದಲ್ಲೇ ಕರಕಲಾಗಿದ್ದವು. ಕಾಂಡಕ್ಕೆ ಬುಡದಿಂದ ಆಳೆತ್ತರದ ತನಕ ಗೋಣಿತಾಟು ಸುತ್ತಿ ಹುರಿಯಿಂದ ಬಿಗಿದಿತ್ತು. "ಇದೇನಿದು?" ಅಂದೆ. ಬ್ಯಾಗು ಕೆಳಗೆ ಹಾಕಿ ಹುರಿ ಬಿಚ್ಚಿದೆ. ಗೋಣಿ ಕೈಗೆ ಜಾರಿಜಾರಿ ಬಂತು. ಅದರ ಕೆಳಗೆ ಎರಡು ಮೊಳದುದ್ದ, ಸುತ್ತಲೂ, ಒಂದು ಬೆರಳಗಲ ಹಸಿರೂ ಉಳಿಯದ ಹಾಗೆ ತೊಗಟೆ ಕೆತ್ತಿ ತೆಗೆದಿತ್ತು. ಮೇಲೊಂದು ಗೆರೆ, ಕೆಳಗೊಂದು ಗೆರೆ, ಸೀರೆಯ ಅಂಚಿನಷ್ಟು ನೇರ. ಆ ನೇಕಾರನ ಕೈ ಯಾರದೆಂದು ನಮ್ಮ ಬೀದಿಯಲ್ಲಿ ಯಾರು ನೋಡಿದರೂ ಹೇಳುತ್ತಿದ್ದರು.

"ಯಾವನೋ ಇದನ್ನ ಮಾಡಿದ್ದು?" ಗೋಣಿ ನೆಲಕ್ಕೆ ಬಿಸಾಕಿ ಕೇಳಿದೆ.

ಸೀನ ನನ್ನ ಕಣ್ಣು ನೋಡಿಯೇ ಹೇಳಿದ. "ನಾನೇ ಮಾಡ್ದೆ. ನೀನೇ ಹೇಳಿದ್ದಲ್ವಾ? ಹಳೇ ತೊಗಟೆ ತೆಗೆದು ಒದ್ದೆ ಗೋಣಿ ಸುತ್ತಿದ್ರೆ ಹೊಸಾದು ಬರ್ತದೆ ಅಂತ. ಪರೀಕ್ಷೆ ಗಲಾಟೇಲಿ ಮರ್ತಿರ್ತೀಯ."

ಏಳು ವಾರ ಯೋಚಿಸಿ ಕಟ್ಟಿದ ಮಾತು ಅದು. ನಾನು ಬಾಯಿ ಬಿಡುವಷ್ಟರಲ್ಲಿ ಅಮ್ಮ ಗೋಡೆಯ ಕಡೆಯಿಂದ, "ಹೂಂ ಕಣೇ, ನೀನು ಫೋನಲ್ಲಿ ಹೇಳ್ದೆ ಅಂದ. ರೆಂಬೆಗೆ ನೀನೂ ಬಟ್ಟೆ ಕಟ್ಟಿದ್ಯಲ್ಲ" ಅಂದಳು. ಅವಳು ಅವನ ಪರವಾಗಿ ಹೇಳಿದ್ದಲ್ಲ, ನನಗೆ ನೆನಪು ಮಾಡಿಕೊಟ್ಟದ್ದು. ನಾನು ಮರೆತಿದ್ದೇನೆಂದೇ ಅವಳು ನಂಬಿದ್ದಳು.

"ನಾನು ಇವನಿಗೆ ಫೋನೂ ಮಾಡಿಲ್ಲ, ಇಂಥದ್ದು ಹೇಳಿಯೂ ಇಲ್ಲ! ದೊಡ್ಡಪ್ಪ, ಇವನು ಬೇಕಂತ ಕೊಂದಿದಾನೆ. ಹೆಂಗೆ ಸಾಯ್ತದೆ ಅಂತ ನನ್ನ ಬಾಯಿಂದಲೇ ಕೇಳ್ಕೊಂಡು ಕೊಂದಿದಾನೆ."

ದೊಡ್ಡಪ್ಪ ಕಾಂಡ ಮುಟ್ಟಿದರು, ಸೀನನ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಅವನು ಹೇಳಿದ್ದು ಒಂದು, ನೀನು ಹೇಳೋದು ಒಂದು. ಯಾರದು ಸುಳ್ಳು ಅಂತ ಮರ ಬಂದು ಹೇಳಲ್ಲ ತಾಯಿ. ಮಾತು ಆಗಿದ್ದು ಚಿಗುರಿದ್ದರ ಮೇಲೆ. ಚಿಗುರಿಲ್ಲ." ಅಷ್ಟು ಹೇಳಿ ಚಪ್ಪಲಿ ಹಾಕಿಕೊಂಡರು. ಆ ಮುದುಕನಿಗೆ ಎಲ್ಲಾ ತಿಳಿದಿತ್ತೆಂದೇ ನನ್ನ ಅನುಮಾನ. ತಿಳಿದೂ ಸುಮ್ಮನಾದರು. ಹಿರಿತನವಂತೆ, ಮಣ್ಣು.

ಅವರು ಹೋದ ಮೇಲೆ ಸೀನನ ಎದುರು ನಿಂತೆ. ಹೊಡೆಯಬೇಕೆನ್ನಿಸಿತು, ಕೈ ಬರಲಿಲ್ಲ. ಅವನು ತಗ್ಗಿದ ದನಿಯಲ್ಲಿ, "ಆಣೆ ತಪ್ಪಿಲ್ಲ ಪದ್ದಿ. ಕೊಡಲಿ ಹಾಕಿಲ್ಲ" ಅಂದ. ಮತ್ತೆ, "ನೀನು ವರ್ಷ ಆದ್ಮೇಲೆ ಚಳ್ಳಕೆರೆಗೆ ಹೋಗೋಳು. ಇಲ್ಲಿ ಬದುಕಬೇಕಾದೋನು ನಾನು" ಅಂದ. ಅದರಲ್ಲಿ ನಿಜವಿತ್ತೋ ಏನೋ. ಇದ್ದರೆ ಇರಲಿ. ನಿಜ ಇರುವವನು ನನ್ನ ಹತ್ತಿರ ಬಂದು, ನನಗೆ ಜಾಗ ಬೇಕು ಪದ್ದಿ ಎಂದು ಕೇಳಬಹುದಿತ್ತು. ಜಗಳ ಆಡಬಹುದಿತ್ತು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅನ್ನುತ್ತಾರಲ್ಲ, ನಾನು ಕೋಲನ್ನು ಅರಿಶಿನ ಕುಂಕುಮ ಹಚ್ಚಿ ಕೊಟ್ಟಿದ್ದೆ.

ಒಳಗೆ ಹೋದೆ. ಅಮ್ಮ ಒಲೆಯ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು. ಎಲ್ಲವನ್ನೂ ಮೊದಲಿನಿಂದ ಹೇಳಿದೆ, ಟೀ ಲೋಟದ ಸಂಜೆಯನ್ನೂ ಬಿಡದೆ. ಅವಳು ಅಕ್ಕಿ ಆರಿಸುತ್ತಲೇ ಕೇಳಿದಳು. ಮುಗಿದ ಮೇಲೆ ಮೊರ ಕೆಳಗಿಟ್ಟಳು.

"ಅವನು ಬಾಚಿ ಹಿಡ್ಕೊಂಡು ತೊಗಟೆ ಎಬ್ಬಿಸೋವಾಗ ನಾನು ಇಲ್ಲೇ ಇದ್ದೆ ಪದ್ದಿ. ಹಸಿ ತೊಗಟೆ, ಪಚಪಚ ಅಂತ ಸೊನೆ ಸುರೀತಿತ್ತು. ಬ್ಯಾಡ ಕಣೋ ಸಾಯ್ತದೆ ಅಂತ ಬಾಯಿ ತನಕ ಬಂತು. ನಾನು ಈ ಮರದ ಕೆಳಗೆ ಹುಟ್ಟಿದೋಳು, ನನಗೆ ತಿಳಿಯಲ್ವಾ?"

"ಮತ್ತೆ ಯಾಕಮ್ಮಾ ಸುಮ್ನಾದೆ?"

"ದಿನಾ ಬೆಳಿಗ್ಗೆ ಬಕೀಟಲ್ಲಿ ಔಷಧಿ ನೀರು ಅಂತ ತಂದಿಡ್ತಿದ್ದ, ಗೋಣಿಗೆ ಹಾಕು ಅತ್ತಾ ಅಂತ. ಕೈ ಇಟ್ಟಿದ್ದಕ್ಕೇ ಗೊತ್ತಾತು, ರೇಷ್ಮೆ ಬೇಯಿಸಿದ ಸೋಡಾ ನೀರು. ಅದು ಬಿದ್ದಲ್ಲಿ ಹುಲ್ಲೂ ಬೆಳೆಯಲ್ಲ. ಆದ್ರೂ ಹಾಕ್ದೆ. ಏಳು ವಾರ ನನ್ನ ಕೈಯಾರೆ ಹಾಕ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಸೀನ ಹೇಳಿದ ಅಂತ ಹಾಕಲಿಲ್ಲ ಕಣವ್ವ. ಅವನು ಹೇಳಿದ್ರೆ ಬಕೀಟು ಅವನ ತಲೆ ಮೇಲೇ ಸುರೀತಿದ್ದೆ. ಪದ್ದಿ ಹೇಳಿದಾಳೆ ಅಂದ. ನನಗೆ ತಿಳಿದಿದ್ದಕ್ಕಿಂತ ನೀನು ಓದಿದ್ದು ದೊಡ್ಡದಿರಬೇಕು ಅಂತ ಹಾಕ್ದೆ."

ಶೆಡ್ಡು ಆ ಮಳೆಗಾಲದಲ್ಲೇ ಎದ್ದಿತು. ಅದರ ಗೋಡೆ ನಮ್ಮ ಕಿಟಕಿಗೆ ಅಡ್ಡ ಬಂತು. ಅಮ್ಮ ಒಂದಷ್ಟು ದಿನ ಟ್ಯೂಬ್‌ಲೈಟಿನ ಕೆಳಗೆ ಕೂತು ನೋಡಿದಳು, ಕಪ್ಪಿಗೆ ನೀಲಿ ಸೇರಿಸಿ ಎರಡು ಹಾಸು ಕೆಡಿಸಿದಳು, ಕೆಚ್ಚುವುದನ್ನು ಬಿಟ್ಟಳು. ಸೀನ ಈಗಲೂ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ಅವಳೂ ಹೋಗುತ್ತಾಳೆ. ನಾನು ಅವನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಯಿತು.

ದಿನಾ ಸಂಜೆ ಅಮ್ಮನಿಗೆ ಫೋನು ಮಾಡುತ್ತೇನೆ. ಬಿಪಿ ಮಾತ್ರೆ ಊಟ ಆದ ಮೇಲೆ ತಗೋ ಅನ್ನುತ್ತೇನೆ, ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೋ ಅನ್ನುತ್ತೇನೆ. ನನ್ನ ದನಿ ಅವಳ ಕಿವಿಯಲ್ಲೇ ಇರುತ್ತದೆ. ಆದರೂ ಪ್ರತಿಸಲವೂ ಕೇಳುತ್ತಾಳೆ:

"ಇದು ನೀನೇ ಹೇಳ್ತಿರೋದಾ ಪದ್ದಿ?"

ನಾನೇ ಅಮ್ಮಾ, ಅನ್ನುತ್ತೇನೆ.